ಮೀನಿನ ಹೆಸರು ಕೇಳಿ ಸೂಜಿ ಚುಚ್ಚುತ್ತಿದ್ದವರು

ಎರಡು ಅಂಗೈಗಳ ನಡುವೆ ಆ ಪುಟ್ಟ ಗಾಜಿನ ಬಾಟ್ಲಿಯನ್ನು ಇಟ್ಟುಕೊಂಡು, ಚಳಿಗೆ ಕೈ ಉಜ್ಜಿಕೊಳ್ಳುವವರ ಹಾಗೆ ಅವರು ಉರುಳಿಸುತ್ತಿದ್ದರು. ಅಗಲವಾದ ಹೆಬ್ಬೆರಳಿನ ಉಗುರು ಯಾವತ್ತೂ ಒಪ್ಪವಾಗಿ ಕತ್ತರಿಸಿರುತ್ತಿತ್ತು. ತೋರುಬೆರಳಿನ ತುದಿಯಲ್ಲಿ ಗಾಜಿನ ಆಂಪೂಲುಗಳನ್ನು ಒಡೆದು ಒಡೆದು ಆದ ಸಣ್ಣ ಗೀರುಗಳು. ಬಿಳಿ ಪುಡಿಗೆ ನೀರು ಸೇರಿಸಿದ ಆ ಔಷಧಿ ಗಂಜಿತಿಳಿಯಷ್ಟು ದಪ್ಪ. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಸುಮ್ಮನೆ ಬಿಟ್ಟರೆ ಅಡಿಯಲ್ಲಿ ಕೂರುತ್ತದೆ, ಅವಸರ ಮಾಡಿದರೆ ಸೂಜಿಯ ಬಾಯಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಉರುಳಿಸಬೇಕು. ಬಾಟ್ಲಿ ಅಂಗೈಯ ಬಿಸಿಗೆ ಬೆಚ್ಚಗಾದ ಮೇಲೆ ಅವರು ತಲೆಯೆತ್ತಿ, "ಇವತ್ತು ಮನೆಯಲ್ಲಿ ಎಂಥ ಮೀನು ಮಗಾ?" ಎಂದು ಕೇಳುತ್ತಿದ್ದರು. ನಾನು "ಬೂತಾಯಿ" ಎಂದು ಹೇಳಿ ಬಾಯಿ ಮುಚ್ಚುವುದರೊಳಗೆ ಸೂಜಿ ಒಳಗೆ ಹೋಗಿ ಆಗಿರುತ್ತಿತ್ತು. ಆಮೇಲೆ ಔಷಧಿ ಇಳಿಯುವ ತನಕ ಬೂತಾಯಿಯದ್ದೇ ಸುದ್ದಿ. ಹುಳಿಖಾರದ ಪುಳಿಮುಂಚಿಯೋ, ಎಣ್ಣೆಯಲ್ಲಿ ಕಾಯಿಸಿದ್ದೋ, ತಲೆ ಯಾರು ತಿಂದದ್ದು.

ಬಂಟ್ವಾಳ ಪೇಟೆಯಲ್ಲಿ, ಹೊಳೆಗೆ ಬೆನ್ನು ಹಾಕಿ ನಿಂತ ಹಳೆಯ ಮಾಳಿಗೆಯ ಕೆಳಗಿನ ಕ್ಲಿನಿಕ್ಕಿನಲ್ಲಿ ಅವರು ಕಂಪೌಂಡರ್ ಆಗಿದ್ದರು. ಊರಿಗೆಲ್ಲ ಕಂಪೌಂಡರಣ್ಣ. ತುಳುವರ ಮನೆಯವರಾದರೂ ನಮ್ಮಂಥ ಬ್ಯಾರಿ ಮುಸ್ಲಿಮರ ಮಕ್ಕಳೊಡನೆ ಬ್ಯಾರಿ ಭಾಷೆಯಲ್ಲೇ ಮಾತಾಡುತ್ತಿದ್ದರು. ಡಾಕ್ಟ್ರೊಡನೆ ಮಾತ್ರ ಕನ್ನಡ, ಅದೂ ಪಾಠ ಒಪ್ಪಿಸುವವರ ಹಾಗೆ. ಇಲ್ಲಿ ಎಲ್ಲವನ್ನೂ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆ ನಾಲಿಗೆಯ ರುಚಿ ಇದರಲ್ಲಿ ಅರ್ಧವೂ ಬಂದಿಲ್ಲ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಒಂಬತ್ತು ವರ್ಷ. ಗಂಟಲು ನೋವಿನಿಂದ ಶುರುವಾಗಿ, ಮಂಡಿಗೆ ಇಳಿದು, ಕೊನೆಗೆ ಹೃದಯದ ಕವಾಟಕ್ಕೆ ಕೈ ಹಾಕುವ ಒಂದು ಜ್ವರ ಉಂಟು. ಅದು ನನ್ನನ್ನು ಹಿಡಿದಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಅದೂ ಇಪ್ಪತ್ತೊಂದು ವರ್ಷ ತುಂಬುವ ತನಕ ಎಂದು ಡಾಕ್ಟ್ರು ಹೇಳಿದಾಗ ನನ್ನ ಉಮ್ಮ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಿದ್ದಳು. ತಂದೆ ಸೌದಿಯಲ್ಲಿ. ಮೂರು ವಾರಕ್ಕೊಮ್ಮೆ ಅಳುವ ಹುಡುಗಿಯನ್ನು ಎಳೆದುಕೊಂಡು ಹೋಗುವುದು ಯಾರು? ಕಂಪೌಂಡರಣ್ಣ ಉಮ್ಮನಿಗೆ ಒಂದು ಲೋಟ ನೀರು ಕೊಟ್ಟು, "ನೀವು ಎಳೆದುಕೊಂಡು ಬರಬೇಡಿ ಬಾಯಮ್ಮ. ಅವಳೇ ನಡೆದುಕೊಂಡು ಬರುವ ಹಾಗೆ ಮಾಡುವುದು ನನ್ನ ಕೆಲಸ," ಎಂದರು.

ಮಾಡಿದರು ಕೂಡ. ಆರು ತಿಂಗಳಲ್ಲಿ ನಾನು ಶಾಲೆ ಬಿಟ್ಟವಳೇ ಬ್ಯಾಗು ಹೆಗಲಲ್ಲಿ ಹಾಕಿಕೊಂಡು ಒಬ್ಬಳೇ ಹೋಗುತ್ತಿದ್ದೆ. ಕಳೆದ ಸಲ ಎಡ ಸೊಂಟವಾ ಬಲವಾ ಎಂದು ಚೀಟಿ ನೋಡಬೇಕಾಗಿರಲಿಲ್ಲ ಅವರಿಗೆ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯದೆ ಮೀನು ಸಿಗದಿದ್ದರೆ ನಾನು "ಮೊಟ್ಟೆ" ಎನ್ನುತ್ತಿದ್ದೆ. "ಮೊಟ್ಟೆ ಯಾವ ಹೊಳೆಯ ಮೀನು ಮಾರಾಯ್ತಿ? ನಾನು ನೋಡಿದ್ದಿಲ್ಲ," ಎಂದು ಅವರು ಕಣ್ಣರಳಿಸುತ್ತಿದ್ದರು. ನನಗೆ ನಗು ತಡೆಯಲಿಕ್ಕೆ ಆಗುತ್ತಿರಲಿಲ್ಲ. ನಗುವಾಗ ಸೊಂಟ ಸಡಿಲವಾಗುತ್ತದೆ, ಸಡಿಲವಾದರೆ ನೋವು ಕಡಿಮೆ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಅವರದ್ದೊಂದು ಮಾತಿತ್ತು: "ಸೂಜಿ ಸಣ್ಣದು ಮಗಾ, ಕಾಯುವುದೇ ದೊಡ್ಡದು. ನಿನಗೆ ಕಾಯಲಿಕ್ಕೆ ಬಿಡುವುದಿಲ್ಲ ನಾನು."

ಊರಿನವರು ಅದನ್ನು ಕೈಗುಣ ಎಂದರು. ಶಿರ್ತಾಡಿ, ಬೆಳುವಾಯಿಯ ಕಡೆಯಿಂದಲೂ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬಸ್ಸು ಹತ್ತಿ ಬರುತ್ತಿದ್ದರು. ಅಲ್ಲೇ ಮೂಡಬಿದ್ರೆಯಲ್ಲಿ ಬೇಕಾದಷ್ಟು ಡಾಕ್ಟ್ರುಗಳಿದ್ದರೂ ಇವರ ಕೈಯೇ ಆಗಬೇಕು. ನಮ್ಮ ಡಾಕ್ಟ್ರು ಒಮ್ಮೊಮ್ಮೆ ತಮಾಷೆಗೆ, "ಔಷಧಿ ಬರೆಯುವವ ನಾನು, ಹೆಸರು ನಿಮ್ಮದು," ಎನ್ನುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ಅಸೂಯೆಯೇನೂ ಇರುತ್ತಿರಲಿಲ್ಲ. ಅವರೂ ನಂಬಿದ್ದರು.

ನಾನು ಬಿ.ಎಸ್ಸಿ.ಗೆ ಉಜಿರೆಗೆ ಹೋಗಿ ಹಾಸ್ಟೆಲು ಸೇರಿದೆ. ಒಂದು ಸಲ ಇಪ್ಪತ್ತೊಂದನೆಯ ದಿನ ಸರಿಯಾಗಿ ಪರೀಕ್ಷೆಯ ಮುನ್ನಾದಿನಕ್ಕೆ ಬಿತ್ತು. ಅಲ್ಲಿನ ಒಬ್ಬ ಡಾಕ್ಟ್ರು, ಗುರುತಿಲ್ಲದವರಿಗೆ ಪೆನಿಸಿಲಿನ್ ಚುಚ್ಚಿ ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಎಂದು ಕೈ ಅಲ್ಲಾಡಿಸಿದರು. ನಾನು ಮನೆಗೆ ಫೋನು ಮಾಡಿ ಅತ್ತೆ. ಮಧ್ಯಾಹ್ನ ಊಟದ ಹೊತ್ತಿಗೆ ಹಾಸ್ಟೆಲಿನ ಬಾಗಿಲಲ್ಲಿ ಕಂಪೌಂಡರಣ್ಣ! ಬೆವರಿ ತೊಪ್ಪೆಯಾದ ಅಂಗಿ, ಕೈಯಲ್ಲಿ ಸ್ಟೀಲಿನ ಟಿಫಿನ್ ಡಬ್ಬ. ಮೇಲಿನ ತಟ್ಟೆಯಲ್ಲಿ ಸಿರಿಂಜು, ಬಾಟ್ಲಿ, ಹತ್ತಿ. ವಾರ್ಡನ್ ಮೇಡಮ್ಮಿನ ಕೋಣೆಯಲ್ಲಿ, ಅವರ ಎದುರೇ ಬಾಟ್ಲಿ ಉರುಳಿಸಿ, "ಇಲ್ಲಿ ಎಂಥ ಮೀನು ಮಗಾ?" ಎಂದರು. "ಇಲ್ಲಿ ಮೀನಿಲ್ಲ ಅಣ್ಣಾ, ದಿನಾ ತಿಳಿಸಾರು." "ಅಯ್ಯೋ ದೇವರೇ!" ಆ 'ದೇವರೇ' ಮುಗಿಯುವುದರೊಳಗೆ ಸೂಜಿ ಒಳಗೆ. ಮೇಡಂ ಆಚೆ ತಿರುಗಿದ ಕೂಡಲೇ ಡಬ್ಬದ ಕೆಳಗಿನ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಬಾಳೆಲೆಯಲ್ಲಿ ಸುತ್ತಿದ ಬಂಗುಡೆ ಫ್ರೈ, ಉಮ್ಮ ಕಳಿಸಿದ್ದು. ಸಸ್ಯಾಹಾರದ ಹಾಸ್ಟೆಲಿನಲ್ಲಿ ಅದನ್ನು ನಾನು ಬಚ್ಚಲಿನಲ್ಲಿ ನಿಂತು ತಿಂದೆ. ಅಷ್ಟು ರುಚಿಯಾದ ಬಂಗುಡೆಯನ್ನು ಆಮೇಲೆ ತಿಂದಿಲ್ಲ.

ಅದರ ಮುಂದಿನ ಮಳೆಗಾಲದಲ್ಲಿ ನೇತ್ರಾವತಿ ಪೇಟೆಯ ಒಳಗೆ ಬಂತು. ಬಂಟ್ವಾಳದವರಿಗೆ ಇದು ಹೊಸತಲ್ಲ. ನೀರು ಮೆಟ್ಟಿಲು ಹತ್ತಿದರೆ ಸಾಮಾನು ಮಾಳಿಗೆಗೆ ಹೋಗುತ್ತದೆ, ಅಷ್ಟೆ. ಆವತ್ತು ನೀರು ಬೇಗ ಏರಿತು. ಮಕ್ಕಳ ಲಸಿಕೆ ಇಟ್ಟಿದ್ದ ಫ್ರಿಜ್ಜನ್ನು ಕಂಪೌಂಡರಣ್ಣ ಒಬ್ಬರೇ ತಬ್ಬಿ ಎತ್ತಿ, ಆ ಕಡಿದಾದ ಮರದ ಮೆಟ್ಟಿಲು ಹತ್ತಿದರು. ಲಸಿಕೆ ಉಳಿಯಿತು. ಸೊಂಟದ ಮೇಲೆ, ಬೆನ್ನುಮೂಳೆಯಲ್ಲಿ ಏನೋ ಜಾರಿತು.

ಎರಡು ವಾರ ಅವರಿಗೆ ಮಗ್ಗುಲು ಬದಲಿಸಲಿಕ್ಕೆ ಆಗಲಿಲ್ಲವಂತೆ. ಡಾಕ್ಟ್ರು ಮನೆಗೇ ಹೋಗಿ ನೋವಿನ ಇಂಜೆಕ್ಷನ್ ಕೊಟ್ಟರು. ಅಫೀಮಿನ ಜಾತಿಗೆ ಸೇರಿದ ಔಷಧಿ ಅದು. ಅದನ್ನು ಕೊಟ್ಟದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ. ಆ ನೋವನ್ನು ನೋಡಿದವರು ಯಾರಾದರೂ ಕೊಡುತ್ತಿದ್ದರು. ಆದರೆ ನೋವು ಹೋದ ಮೇಲೂ ಇಂಜೆಕ್ಷನ್ ಹೋಗಲಿಲ್ಲ. ಕ್ಲಿನಿಕ್ಕಿನಲ್ಲಿ ಆ ಔಷಧಿ ಇಡುವ ಅಲ್ಮೇರಾದ ಕೀ ಇದ್ದದ್ದು ಕಂಪೌಂಡರಣ್ಣನ ಸೊಂಟದಲ್ಲಿ. ಕೈ ಅವರದ್ದೇ, ತೊಡೆಯೂ ಅವರದ್ದೇ. ಯಾರನ್ನೂ ಕೇಳಬೇಕಾಗಿರಲಿಲ್ಲ.

ನನ್ನ ಇಂಜೆಕ್ಷನ್ನುಗಳು ಮುಗಿಯುವುದಕ್ಕೆ ಇನ್ನು ಎರಡೋ ಮೂರೋ ಬಾಕಿ ಇದ್ದವು. ರಜೆಯಲ್ಲಿ ಊರಿಗೆ ಬಂದವಳು ಕ್ಲಿನಿಕ್ಕಿಗೆ ಹೋದೆ. ಅವರು ಬಾಟ್ಲಿಯನ್ನು ಎರಡು ಸಲ ಉರುಳಿಸಿ ಬಿಟ್ಟರು. ನಾನು ಮೀನಿನ ಹೆಸರು ತಯಾರು ಮಾಡಿಕೊಂಡು ನಿಂತಿದ್ದೆ. ಕಾಣೆ, ಅದೂ ದೊಡ್ಡ ಕಾಣೆ, ಹೇಳಿದರೆ ಹೊಟ್ಟೆ ಉರಿಯಬೇಕು ಅವರಿಗೆ. ಅವರು ಕೇಳಲೇ ಇಲ್ಲ. ಸೂಜಿ ಕಟ್ಟಿಕೊಂಡಿತು. ತೆಗೆದು ಮತ್ತೆ ಚುಚ್ಚಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾನು ಉಮ್ಮಾ ಎಂದು ಕಿರುಚಿದೆ. ಅವರು ನನ್ನ ಮುಖ ನೋಡದೆ, "ಆಯ್ತು, ಆಯ್ತು," ಎಂದರು. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ಮೂಗು ಸೋರುತ್ತಿತ್ತು. ನೆಗಡಿ ಇರಬೇಕು ಎಂದುಕೊಂಡು ಮನೆಗೆ ಬಂದೆ. ಕಾಣೆಯ ಸುದ್ದಿ ಹೇಳಲಿಕ್ಕಾಗಲಿಲ್ಲವಲ್ಲ ಎಂಬುದೇ ನನಗೆ ಆವತ್ತಿನ ದೊಡ್ಡ ಬೇಸರ.

ಗೊತ್ತಾದದ್ದು ಎರಡು ಮೂರು ವರ್ಷ ಕಳೆದ ಮೇಲೆ, ಒಬ್ಬ ಮುದುಕರಿಂದ. ಕ್ಯಾನ್ಸರಿನ ಕೊನೆಯ ಹಂತ, ಅದೇ ನೋವಿನ ಇಂಜೆಕ್ಷನ್ ಕೊಡಬೇಕೆಂದು ಡಾಕ್ಟ್ರು ಬರೆದಿದ್ದರು. ಕಂಪೌಂಡರಣ್ಣ ಕೊಟ್ಟು ಬಂದ ಮೇಲೂ ಮುದುಕರು ಒದ್ದಾಡುತ್ತಲೇ ಇದ್ದರು. ಎರಡನೆಯ ದಿನ ಡಾಕ್ಟ್ರು ತಾವೇ ಹೋಗಿ ಕೊಟ್ಟರು. ಹತ್ತು ನಿಮಿಷಕ್ಕೆ ಮುದುಕರು ನಿದ್ದೆ ಹೋದರು. ಡಾಕ್ಟ್ರು ಆ ಮಂಚದ ಪಕ್ಕ ಬಹಳ ಹೊತ್ತು ಕೂತಿದ್ದರಂತೆ. ಹಿಂದಿನ ದಿನ ಆ ಮುದುಕರ ಮೈಯೊಳಗೆ ಹೋದದ್ದು ಬರೀ ನೀರು.

ಇದನ್ನು ಬರೆಯುವುದು ಬೇಡ ಎಂದು ನಾಲ್ಕು ಸಲ ಹೊಡೆದುಹಾಕಿದ್ದೇನೆ. ಬರೆಯದಿದ್ದರೆ ಅವರನ್ನು ಬರೆದ ಹಾಗಾಗುವುದಿಲ್ಲ. ಯಾರಿಗೂ ಕಾಯಲಿಕ್ಕೆ ಬಿಡದ ಮನುಷ್ಯ, ಸಾಯುತ್ತಿರುವ ಒಬ್ಬರನ್ನು ಒಂದು ಇಡೀ ದಿನ ಕಾಯಿಸಿದರು. ಅವರು ಕೆಟ್ಟವರಾಗಿದ್ದರೆ ನನಗೆ ಇದನ್ನು ಹೇಳುವುದು ಎಷ್ಟೋ ಸುಲಭವಾಗುತ್ತಿತ್ತು.

ಕೆಲಸ ಹೋಯಿತು. ಡಾಕ್ಟ್ರು ಪೊಲೀಸಿಗೆ ಹೇಳಲಿಲ್ಲ, ಚಿಕಿತ್ಸೆಗೆ ಕಳಿಸಿದರು. ಆ ಹೊತ್ತಿಗೆ ನಾನು ಎಂ.ಎಸ್ಸಿ. ಮುಗಿಸಿ ಮಂಗಳೂರಿನಲ್ಲಿ ಒಂದು ಪ್ರಯೋಗಾಲಯಕ್ಕೆ ಸೇರಿದ್ದೆ. ಅವರನ್ನು ಇಟ್ಟಿದ್ದ ವ್ಯಸನಮುಕ್ತಿ ವಾರ್ಡಿಗೆ ನಮ್ಮ ಲ್ಯಾಬಿನಿಂದ ಹತ್ತು ನಿಮಿಷದ ದಾರಿ. ವಿಚಿತ್ರ ನೋಡಿ, ನನ್ನ ಕೆಲಸವೂ ಅದೇ. ಇಲಿಗಳಿಗೆ ಅದೇ ಅಫೀಮಿನ ಜಾತಿಯ ಮಾರ್ಫಿನ್ ಕೊಟ್ಟು, ಆಮೇಲೆ ಅವುಗಳ ಮೆದುಳಿನಲ್ಲಿ ಗ್ಲುಟಮೇಟಿಗೆ ಸಂಬಂಧಿಸಿದ ಪ್ರೋಟೀನುಗಳು ಎಷ್ಟು ಹೆಚ್ಚಿದವು, ಎಷ್ಟು ಕಡಿಮೆಯಾದವು ಎಂದು ಫಿಲ್ಮಿನ ಮೇಲೆ ಮೂಡುವ ಕಪ್ಪು ಪಟ್ಟಿಗಳಲ್ಲಿ ನೋಡುವುದು.

ಮೊದಲ ಸಲ ವಾರ್ಡಿಗೆ ಹೋದಾಗ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಪಂಚೆ ಸರಿದ ತೊಡೆ ಕಂಡಿತು. ಕಪ್ಪಿಟ್ಟು, ಗುಳಿಬಿದ್ದು, ಮರದ ತುಂಡಿನ ಹಾಗೆ ಗಟ್ಟಿಯಾಗಿತ್ತು. ನನ್ನ ಮೈಯಲ್ಲಿ ಇನ್ನೂರಕ್ಕೆ ಹತ್ತಿರ ಸಲ ಚುಚ್ಚಿಯೂ ಒಂದು ಕಲೆ ಬಿಡದವರು ತಮ್ಮ ಮೈಯನ್ನು ಹೀಗೆ ಮಾಡಿಕೊಂಡಿದ್ದರು. ನಾನು ಹೊರಗೆ ಬಂದು ನಳ್ಳಿಯ ಹತ್ತಿರ ನಿಂತು ಅತ್ತು, ಮುಖ ತೊಳೆದು ಮತ್ತೆ ಒಳಗೆ ಹೋದೆ.

ಎರಡು ತಿಂಗಳಲ್ಲಿ ಅವರು ಎದ್ದು ಕೂತರು. ನಾನು ಶನಿವಾರ ಹೋಗುತ್ತಿದ್ದೆ. "ನೀನು ಅಲ್ಲಿ ಎಂಥ ಮಾಡುವುದು ಮಗಾ?" ಎಂದು ಒಂದು ದಿನ ಕೇಳಿದರು. ನಾನು ಹೇಳಿದೆ. ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಎಬ್ಬಿಸಲಿಕ್ಕೆ ಕಳಿಸುವ ವಸ್ತುವಿಗೆ ಗ್ಲುಟಮೇಟ್ ಎನ್ನುತ್ತಾರೆ. ಆಚೆ ಬದಿಯಲ್ಲಿ ಅದನ್ನು ಹಿಡಿಯಲಿಕ್ಕೆ ಕೆಲವು ಪ್ರೋಟೀನುಗಳಿವೆ, ಉಳಿದದ್ದನ್ನು ಗುಡಿಸಿ ತೆಗೆಯಲಿಕ್ಕೆ ಬೇರೆ ಕೆಲವು. ನಾವು ಏನನ್ನಾದರೂ ಕಲಿಯುವುದು, ನೆನಪಿಟ್ಟುಕೊಳ್ಳುವುದು ಇವುಗಳ ಮೂಲಕವೇ.

"ಗೋಬಿ ಮಂಚೂರಿಯವ ಟೇಸ್ಟಿಂಗ್ ಪೌಡರ್ ಹಾಕ್ತಾನಲ್ಲ ಅಣ್ಣಾ, ಅದರಲ್ಲಿ ಇರುವುದೂ ಇದೇ ವಸ್ತು."

"ಹಾಗಾದ್ರೆ ನನ್ನ ತಲೆಯೊಳಗೆ ಒಂದು ಗೋಬಿ ಗಾಡಿ ಉಂಟು ಅನ್ನು!"

"ಉಂಟು. ಆ ಇಂಜೆಕ್ಷನ್ ಅದನ್ನು ಹಾಳು ಮಾಡಿದೆ. ಗುಡಿಸುವ ಜನ ಕಡಿಮೆಯಾಗಿದ್ದಾರೆ, ಹಿಡಿಯುವವರು ಜಾಗ ಬದಲಿಸಿದ್ದಾರೆ. ಇಂಜೆಕ್ಷನ್ ನಿಲ್ಲಿಸಿದ ಕೂಡಲೇ ಅದೆಲ್ಲ ಮೊದಲಿನ ಹಾಗೆ ಆಗುವುದಿಲ್ಲ."

"ಇದು ಹಸಿವಲ್ಲ ಮಗಾ," ಎಂದರು ಅವರು. "ಹಸಿವಾದರೆ ಉಂಡ ಮೇಲೆ ಹೋಗ್ತದೆ. ಇದು ಯಾರೋ ಕರೆದ ಹಾಗೆ. ಸ್ಪಿರಿಟ್ಟಿನ ವಾಸನೆ ಬಂದ್ರೆ ಸಾಕು, ಹೆಸರು ಹಿಡಿದು ಕರೀತದೆ."

ಆಗ ನಾನು ಅವರಿಗೆ ಇಲಿಯ ಪೆಟ್ಟಿಗೆಯ ಸುದ್ದಿ ಹೇಳಿದೆ. ಆ ಪೆಟ್ಟಿಗೆಯಲ್ಲಿ ಎರಡು ಕೋಣೆ. ಒಂದರ ಗೋಡೆಗೆ ಪಟ್ಟೆ, ಇನ್ನೊಂದಕ್ಕೆ ಇಲ್ಲ. ಪಟ್ಟೆಯ ಕೋಣೆಯಲ್ಲಿಟ್ಟು ಇಲಿಗೆ ಮಾರ್ಫಿನ್ ಕೊಡುತ್ತೇವೆ. ಆಮೇಲೆ ವಾರಗಟ್ಟಲೆ ಕೊಡುವುದಿಲ್ಲ. ಇಲಿ ಚೆನ್ನಾಗಿ ತಿನ್ನುತ್ತದೆ, ಓಡಾಡುತ್ತದೆ, ಎಲ್ಲ ಮರೆತ ಹಾಗೆ ಇರುತ್ತದೆ. ಮತ್ತೆ ತಂದು ಪೆಟ್ಟಿಗೆಯಲ್ಲಿ ಬಿಟ್ಟರೆ ಸೀದಾ ಪಟ್ಟೆಯ ಕೋಣೆಗೆ ಹೋಗಿ ಕೂರುತ್ತದೆ. ಔಷಧಿ ಇಲ್ಲ, ಏನೂ ಇಲ್ಲ, ಆದರೂ ಅಲ್ಲೇ.

"ಪಾಪದ ಇಲಿ," ಎಂದು ಕಂಪೌಂಡರಣ್ಣ ನಕ್ಕರು. "ಅದಕ್ಕೆ ಬೇರೆ ಮನೆ ಕೊಡಿ ಮಾರಾಯ್ತಿ. ಯಾಕೆ ಅಲ್ಲಿಗೇ ತಂದು ಬಿಡುವುದು ನೀವು?"

ನಾನೂ ನಕ್ಕೆ. ಈ ಮಾತನ್ನು ಅವರೇ ತಮ್ಮ ಬಾಯಿಂದ, ನನ್ನ ಎದುರು ಕೂತು ಹೇಳಿದ್ದರು.

ಮೂರು ತಿಂಗಳಾದ ಮೇಲೆ ಅವರ ಹೆಂಡತಿ ಅವರನ್ನು ಬೆಳುವಾಯಿಗೆ, ತನ್ನ ತವರಿಗೆ ಕರೆದುಕೊಂಡು ಹೋದರು. ಆ ಅಕ್ಕ ಮಾತು ಕಡಿಮೆ, ಕಣ್ಣಲ್ಲೇ ಎಲ್ಲ ನೋಡಿ ಮುಗಿಸುವವರು. ಅಲ್ಲಿ ಅವರ ತಮ್ಮನ ಅಕ್ಕಿ ಮಿಲ್ಲು ಇತ್ತು. ಕಂಪೌಂಡರಣ್ಣ ಭತ್ತ ಬೇಯಿಸುವ ಹಂಡೆಯ ಬದಿ ನಿಂತು, ಅಂಗಳದಲ್ಲಿ ಹರಡಿದ ಭತ್ತವನ್ನು ಕಾಲಿನಿಂದ ಸರಿಸುತ್ತ ಒಂದು ವರ್ಷ ಕಳೆದರು. ಒಮ್ಮೆ ನೋಡಲಿಕ್ಕೆ ಹೋಗಿದ್ದೆ. ಮೈಯೆಲ್ಲ ತೌಡು. ಹೊಟ್ಟೆ ಬಂದಿತ್ತು. "ಇಲ್ಲಿ ಒಂದೇ ವಾಸನೆ ಮಗಾ, ಭತ್ತ ಬೆಂದದ್ದು," ಎಂದರು. ಅಕ್ಕ ನನಗೆ ಚಹಾ ಕೊಡುತ್ತ ಮೆಲ್ಲಗೆ, "ಇಲ್ಲಿ ಸರಿ ಇದ್ದಾರೆ," ಎಂದಿದ್ದರು. ಆ 'ಇಲ್ಲಿ' ಎಂಬ ಪದವನ್ನು ಎಷ್ಟು ಒತ್ತಿ ಹೇಳಿದ್ದರು ಎಂಬುದು ನನಗೆ ಈಗ ಕೇಳಿಸುತ್ತದೆ.

ಆದರೆ ಬಂಟ್ವಾಳ ಪೇಟೆಯವರು ಬಿಡಬೇಕಲ್ಲ. ಕ್ಲಿನಿಕ್ಕಿಗೆ ಹೊಸ ನರ್ಸು ಬಂದಿದ್ದಳು, ಕಲಿತವಳು, ಒಳ್ಳೆಯವಳು. ಆದರೂ ತಾಯಂದಿರಿಗೆ ಆಗುವುದಿಲ್ಲ. "ಆ ಕೈ ಬರುವುದು ಯಾವಾಗ ಡಾಕ್ಟ್ರೇ?" "ಮನುಷ್ಯ ಒಮ್ಮೆ ಜಾರಿದ್ದು, ಅಷ್ಟಕ್ಕೆ ಆ ಕೈಗುಣ ಹೋಗ್ತದಾ?" ನನ್ನ ಉಮ್ಮನೂ ಇದರಲ್ಲಿ ಸೇರಿದ್ದಳು. ಆ ಮುದುಕರ ಸಂಗತಿ ಗೊತ್ತಿದ್ದ ಕೆಲವರು ಕೂಡ ಅದನ್ನು ಕ್ಷಮಿಸಿ ಬಾಯಿ ಮುಚ್ಚಿಕೊಂಡಿದ್ದರು. ಇಡೀ ಪೇಟೆಗೆ ಅವರ ಮರ್ಯಾದೆ ಅವರಿಗೆ ವಾಪಸು ಕೊಡಬೇಕೆಂಬ ಆಸೆ. ಡಾಕ್ಟ್ರಿಗೂ ಆಸೆ. ಅವರು ನನಗೆ ಫೋನು ಮಾಡಿದರು. "ನೀನು ಮೆದುಳಿನ ವಿಷಯವೇ ಓದಿದವಳು. ಒಂದು ವರ್ಷ ಮುಟ್ಟಲಿಲ್ಲ ಅವರು. ಕರೀಬಹುದಾ?"

ನಾನು ಏನು ಹೇಳಿದೆ ಗೊತ್ತುಂಟಾ? ಕರೆಯಿರಿ ಎಂದೆ. ಮರ್ಯಾದೆಯಿಂದ ಕೆಲಸ ಮಾಡಿದರೆ ಮನಸ್ಸು ಗಟ್ಟಿಯಾಗುತ್ತದೆ ಎಂದೆ. ಅಲ್ಮೇರಾದ ಕೀ ಮಾತ್ರ ನಿಮ್ಮ ಹತ್ತಿರ ಇರಲಿ, ಅಷ್ಟು ಸಾಕು ಎಂದೆ. ಅದೇ ವಾರ ನಾನು ಆ ಪಟ್ಟೆಯ ಪೆಟ್ಟಿಗೆಯನ್ನು ಎಷ್ಟು ಸಲ ತೊಳೆದಿದ್ದೆನೋ ಲೆಕ್ಕವಿಲ್ಲ. ನನ್ನ ಕೈ ತೊಳೆಯುತ್ತಿದ್ದದ್ದನ್ನು ನನ್ನ ತಲೆ ನೋಡಲಿಲ್ಲ. ಅವರು ಇಲಿಯಲ್ಲ, ನನ್ನ ಕಂಪೌಂಡರಣ್ಣ. ನನಗೂ ಅವರು ಆ ಕುರ್ಚಿಯಲ್ಲಿ ಕೂತು ಬಾಟ್ಲಿ ಉರುಳಿಸುವುದನ್ನು ನೋಡಬೇಕಿತ್ತು. ಅಷ್ಟೇ ವಿಷಯ. ಓದು ಗೀದು ಎಲ್ಲ ಸುಟ್ಟುಹೋಗಲಿ.

ಅಕ್ಕ ಒಪ್ಪಲಿಲ್ಲ. ನಾನೇ ಮೂಡಬಿದ್ರೆಯ ಬಸ್ಸು ಹತ್ತಿ, ಅಲ್ಲಿಂದ ಬೆಳುವಾಯಿಗೆ ಹೋಗಿ ಅವರನ್ನು ಒಪ್ಪಿಸಿದೆ.

"ಬೇಡ ಮಗಾ," ಎಂದರು ಅಕ್ಕ. "ನೀವೆಲ್ಲ ಒಳ್ಳೆಯವರು. ಅದೇ ನನಗೆ ಹೆದರಿಕೆ. ಒಂದು ದಿನ ಕೀ ಅವರ ಕೈಗೆ ಹೋಯ್ತು ಅಂತ ಇಟ್ಕೋ. ವಾಪಸು ಕೊಡಿ ಅಂತ ಕೇಳುವವರು ಯಾರು ನಿಮ್ಮಲ್ಲಿ?"

"ಡಾಕ್ಟ್ರು ಕೇಳ್ತಾರೆ ಅಕ್ಕ. ನಾನು ಹೇಳಿದ್ದೇನೆ ಅವರಿಗೆ."

"ಕೇಳುದಿಲ್ಲ. ದಾಕ್ಷಿಣ್ಯ."

"ಅಕ್ಕ, ಒಂದು ವರ್ಷ ಆಯ್ತು. ಇನ್ನು ಎಂಥ ಆಗುದಿಲ್ಲ. ನನ್ನ ಮೇಲೆ ನಂಬಿಕೆ ಇಡಿ."

ಅಕ್ಕ ನನ್ನ ಮುಖವನ್ನೇ ನೋಡಿದರು. "ನೀನು ಓದಿದವಳು," ಎಂದು ಹೇಳಿ ಒಳಗೆ ಹೋದರು. ಅದು ಒಪ್ಪಿಗೆ. ಕಂಪೌಂಡರಣ್ಣ ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಮುಖದಲ್ಲಿ ಬೆಳಕು ಬಂದಿತ್ತು. ಅದರ ಹಿಂದೆ ಒಂದು ಹೆದರಿಕೆಯೂ ಇತ್ತು, ನಾನು ಬೆಳಕನ್ನು ಮಾತ್ರ ನೋಡಿದೆ.

ಅವರು ವಾಪಸು ಬಂದ ದಿನ ಕ್ಲಿನಿಕ್ಕಿನ ಎದುರು ಮಕ್ಕಳನ್ನು ಎತ್ತಿಕೊಂಡ ಹೆಂಗಸರ ಸಾಲು. ಯಾರೋ ಮಲ್ಲಿಗೆ ತಂದಿದ್ದರು, ಯಾರೋ ಹಲಸಿನ ಹಣ್ಣು. ಅದೇ ಕುರ್ಚಿ, ಅದೇ ತಟ್ಟೆ, ಅದೇ ಸ್ಪಿರಿಟ್ಟಿನ ವಾಸನೆ. ಅವರು ಫೋನಿನಲ್ಲಿ, "ಕೈ ಮರೆತಿಲ್ಲ ಮಗಾ, ಎಲ್ಲ ನೆನಪಿಟ್ಟಿದೆ," ಎಂದರು. ನಾನು ಖುಷಿಯಿಂದ ಲ್ಯಾಬಿನವರಿಗೆಲ್ಲ ಚಹಾ ಕುಡಿಸಿದೆ.

ಕೀ ಅವರ ಕೈಗೆ ಹೋದದ್ದು ಎರಡನೆಯ ವಾರ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಒಬ್ಬರನ್ನು ಎತ್ತಿಕೊಂಡು ಬಂದರು. ಡಾಕ್ಟ್ರ ಎರಡು ಕೈಯೂ ರಕ್ತ. ನರ್ಸು ಊಟಕ್ಕೆ ಹೋಗಿದ್ದಳು. ಡಾಕ್ಟ್ರು ಹಳೆಯ ಅಭ್ಯಾಸದಲ್ಲಿ, "ಕಿಸೆಯಲ್ಲಿ ಕೀ ಉಂಟು, ಒಂದು ಆಂಪೂಲು ತೆಗೀರಿ," ಎಂದರು. ಕಂಪೌಂಡರಣ್ಣ ತೆಗೆದರು, ಆ ಮನುಷ್ಯನಿಗೆ ಕೊಟ್ಟರು, ಸರಿಯಾಗಿಯೇ ಕೊಟ್ಟರು. ಕೀ ಅವರ ಸೊಂಟದಲ್ಲಿ ಉಳಿಯಿತು. ಸಂಜೆ ಡಾಕ್ಟ್ರಿಗೆ ನೆನಪಾಯಿತಂತೆ. ಕೇಳಿದರೆ ನಂಬಿಕೆ ಇಲ್ಲ ಎಂದಾಗುತ್ತದೆ, ನಾಳೆ ಅವರೇ ಕೊಡುತ್ತಾರೆ ಎಂದು ಸುಮ್ಮನಾದರಂತೆ. ಮರುದಿನವೂ ಕೇಳಲಿಲ್ಲ. ಅದರ ಮರುದಿನವೂ. ನನಗೆ ಇದನ್ನು ಹೇಳುವಾಗ ಆ ದೊಡ್ಡ ಮನುಷ್ಯ ಚಿಕ್ಕ ಮಕ್ಕಳ ಹಾಗೆ ಅತ್ತರು.

ಕಂಪೌಂಡರಣ್ಣ ವಾಪಸು ಬಂದು ಮೂರು ವಾರ ಆಗಿತ್ತು. ಬೆಳಗ್ಗೆ ಹನ್ನೊಂದು ಗಂಟೆ, ಹೊರಗೆ ಬೆಂಚು ತುಂಬ ಮಕ್ಕಳು. ಒಳಗಿನ ಕೋಣೆಗೆ ಹತ್ತಿ ತರಲಿಕ್ಕೆಂದು ಹೋದವರು ಬರಲಿಲ್ಲ. ನರ್ಸು ಹೋಗಿ ನೋಡಿದಾಗ ಗೋಡೆಗೆ ಒರಗಿ ಕೂತಿದ್ದರು, ಉಸಿರು ನಿಂತಿತ್ತು. ಹಳೆಯ ದಿನಗಳಲ್ಲಿ ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಂಡಿದ್ದರು. ಕರೆಯುವ ಮೆದುಳು ಏನನ್ನೂ ಮರೆತಿರಲಿಲ್ಲ. ಅಷ್ಟು ಔಷಧಿಯನ್ನು ತಡೆದುಕೊಳ್ಳುವ ಮೈ ಒಂದು ವರ್ಷದಲ್ಲಿ ಎಲ್ಲ ಮರೆತಿತ್ತು.

ಬೆಳುವಾಯಿಯ ಆ ಅಂಗಳಕ್ಕೆ ನಾನು ಹೇಗೆ ಹೋದೆನೋ. ಅಕ್ಕ ಬೈಯುತ್ತಾರೆ, ಕೂದಲು ಹಿಡಿದು ಎಳೆಯುತ್ತಾರೆ, ಎಳೆಯಲಿ ಎಂದುಕೊಂಡೇ ಹೋದೆ. ಅವರು ನನ್ನನ್ನು ನೋಡಿ, ತುಂಬ ಮೆಲ್ಲಗೆ ಕೇಳಿದರು.

"ನೀನು ಅದನ್ನೇ ಅಲ್ವಾ ಮಗಾ ಓದ್ತಿದ್ದದ್ದು?"

ಅಷ್ಟೇ. ನಾನು ಅಲ್ಲಿಂದ ಬಸ್‌ಸ್ಟಾಪಿನ ತನಕ ಓಡಿದೆ.

ಆಮೇಲೆ ಎಂಟು ತಿಂಗಳು ಲ್ಯಾಬಿನಲ್ಲಿ ಆ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಕೆಲಸ ಬಿಡಬೇಕೆಂದಿದ್ದೆ, ಬಿಡಲಿಲ್ಲ. ಈಗ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ವ್ಯಸನ ಎಂದರೆ ಮನಸ್ಸಿನ ದುರ್ಬಲತೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಪಾಠದ ಕೊನೆಗೆ ಅವರಿಗೆ ನನ್ನದೇ ಒಂದು ಸಂಗತಿ ಹೇಳುತ್ತೇನೆ. ಕೊನೆಯ ಇಂಜೆಕ್ಷನ್ ಆಗಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಯಾರಾದರೂ ಮೀನು ಯಾವುದು ಎಂದು ಕೇಳಿದರೆ, ಸೂಜಿ ಬಂತು ಎಂದು ನನ್ನ ಸೊಂಟ ಬಿಗಿಯುತ್ತದೆ. ಮಾರ್ಕೆಟ್ಟಿನಲ್ಲಿ, ನೆಂಟರ ಮನೆಯಲ್ಲಿ, ಮದುವೆಯ ಊಟದಲ್ಲಿ. ನಾನು ಬಿಗಿಯುವುದಲ್ಲ, ಅದೇ ಬಿಗಿಯುತ್ತದೆ. ಹುಡುಗರು ನಗುತ್ತಾರೆ. ಮನಸ್ಸು ಗಟ್ಟಿ ಮಾಡಿ ಇದನ್ನು ನಿಲ್ಲಿಸಿ ನೋಡುವ ಎಂದು ಹೇಳುತ್ತೇನೆ. ಕಂಪೌಂಡರಣ್ಣನ ಮೆದುಳಿನಲ್ಲಿ ಸ್ಪಿರಿಟ್ಟಿನ ವಾಸನೆಯನ್ನು ಬರೆದಿಟ್ಟದ್ದೂ, ನನ್ನ ಮೆದುಳಿನಲ್ಲಿ ಮೀನಿನ ಹೆಸರನ್ನು ಬರೆದಿಟ್ಟದ್ದೂ ಒಂದೇ ಬಗೆಯ ಪ್ರೋಟೀನುಗಳು. ನನ್ನದು ತಮಾಷೆಯಾಗಿ ಉಳಿಯಿತು, ಅವರದ್ದು ಜೀವ ತೆಗೆಯಿತು.

ಹೋದ ವರ್ಷ ಹೃದಯದ ಪರೀಕ್ಷೆ ಮಾಡಿಸಿದೆ. ಕವಾಟ ಹೊಸದರ ಹಾಗೆ ಇದೆ ಎಂದರು. ಅವರು ಇನ್ನೂರು ಸಲ ಬಾಟ್ಲಿ ಉರುಳಿಸಿದ್ದರಿಂದ ನನ್ನ ಹೃದಯ ಉಳಿಯಿತು. ನನ್ನ ಒಂದು ಮಾತಿನಿಂದ ಅವರು ಆ ಕೋಣೆಗೆ ವಾಪಸು ಹೋದರು.

ಆ ವರದಿ ಬಂದ ವಾರ, ಏನು ತೋಚಿತೋ, ಮಂಗಳೂರಿನಲ್ಲಿ ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಯಿಂದ ಮೀನು ತೆಗೆದುಕೊಂಡು ಬೆಳುವಾಯಿಯ ಬಸ್ಸು ಹತ್ತಿದೆ. ಅಷ್ಟು ವರ್ಷ ಆ ದಾರಿಯಲ್ಲಿ ಕಾಲಿಟ್ಟಿರಲಿಲ್ಲ. ಅಕ್ಕ ಅಂಗಳದಲ್ಲಿ ಭತ್ತ ಸರಿಸುತ್ತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕಾಲು ನಿಲ್ಲಿಸಿದರು. ನಾನು ಅಂಗಳದ ಮಧ್ಯದ ತನಕ ನಡೆದೆ. ಚೀಲವನ್ನು ಮುಂದೆ ಹಿಡಿದು ಹಾಗೆಯೇ ನಿಂತೆ. ಅವರು ಮೆಲ್ಲಗೆ ಹತ್ತಿರ ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಅದರ ಬಾಯಿ ಬಿಡಿಸಿ ಒಳಗೆ ನೋಡಿದರು.

"ಎಂಥ ಮೀನು ಮಗಾ?" ಎಂದರು.

ನನ್ನ ಸೊಂಟ ಬಿಗಿಯಿತು. "ಕಾಣೆ," ಎಂದೆ. "ದೊಡ್ಡ ಕಾಣೆ ಅಕ್ಕ." ಹೇಳಿ, ಕಣ್ಣು ಮುಚ್ಚಿ, ಆ ಅಂಗಳದ ಮಧ್ಯದಲ್ಲಿ ಕಾದೆ. ಸೂಜಿ ಬರಲಿಲ್ಲ.